ಗಾಜಿನ ಮೇಲಿನ ವಿಭೂತಿ

ಸರಸ್ವತಿಪುರಂ, ಮೈಸೂರು
18-11-2002

ಚಿರಂಜೀವಿ ಷಡಕ್ಷರಿಗೆ,

ಮೊದಲು ‘ಪ್ರೀತಿಯ ತಮ್ಮಾ’ ಎಂದು ಬರೆದಿದ್ದೆ. ಆಮೇಲೆ ನಿನ್ನ ಕಾಗದವನ್ನು ಇನ್ನೊಂದು ಸಲ ಓದಿದೆ. ಆ ಹಾಳೆ ಹರಿದು ಬೇರೆ ಹಾಳೆ ತೆಗೆದುಕೊಂಡೆ. ಆರೋಗ್ಯವಾಗಿದ್ದೀಯ ತಾನೆ? ನಿನ್ನ ಹೆಂಡತಿ ಸರ್ವಮಂಗಳೆಯ ಕೆಮ್ಮು ನಿಂತಿತೆ? ತುಮಕೂರಿನ ಹೊಸ ಅಂಗಡಿಗೆ ಜನ ಬರುತ್ತಿದ್ದಾರೆಯೆ? ಇವನ್ನೆಲ್ಲ ಕೇಳುವುದು ಅಕ್ಕನಾದವಳ ಕರ್ತವ್ಯ, ಕೇಳಿದ್ದೇನೆ. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ನನಗೆ ಬೇಕಾಗಿರುವುದು ಅವ್ವನ ಸುದ್ದಿ ಒಂದೇ. ಅದನ್ನು ನೀನು ಹೇಳುವುದಿಲ್ಲ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಮೊನ್ನೆ ನನ್ನ ಪುಣ್ಯಕ್ಕೆ ಅವ್ವನೇ ಎತ್ತಿಕೊಂಡಳು. ‘ಮಂಜೀ, ಗೌರಿ ಕರ ಹಾಕ್ತಾ?’ ಅಂದಳು. ಗೌರಿ ಎಂಬ ಹಸು ನಮ್ಮ ಕೊಟ್ಟಿಗೆಯಲ್ಲಿ ಸತ್ತಾಗ ನಿನಗೆ ಇನ್ನೂ ಮೀಸೆ ಬಂದಿರಲಿಲ್ಲ. ನಾನು ಮಾತು ತಿರುಗಿಸಿ, ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ‘ಬತ್ತದೆ ಕಣವ್ವಾ. ಷಡಕ್ಷರಿ ಲೇಹ್ಯ ಕೊಡ್ತಾನೆ, ಸಿಹಿಯಾಗದೆ. ಆದ್ರೆ ಬಾಯಿ ಒಣಗಿ ಕಟ್ಟಿಗೆ ಆಯ್ತದೆ. ಈ ಗೋಡೆ ತುಂಬ ಇರುವೆ ನೋಡು, ಯಾರೂ ಗುಡಿಸಕ್ಕಿಲ್ಲ’ ಅಂದಳು. ಅಷ್ಟರಲ್ಲಿ ನೀನು ಕಿತ್ತುಕೊಂಡು, ‘ವಯಸ್ಸಾಯ್ತು, ಅರಳು ಮರಳು, ಅಷ್ಟೇ’ ಎಂದು ಇಟ್ಟೆ. ಆ ಗೋಡೆಯ ಇರುವೆಗಳು ನನಗೆ ಹೊಸವಲ್ಲ ಷಡಕ್ಷರಿ. ನಿಮ್ಮ ಭಾವನೂ ಅವನ್ನು ನೋಡಿದ್ದರು.

ಇನ್ನು ನಿನ್ನ ಕಾಗದಕ್ಕೆ ಬರುತ್ತೇನೆ. ನಾನು ಎರಡು ಪಾಪ ಮಾಡಿದ್ದೇನೆ ಎಂದು ಬರೆದಿದ್ದೀಯ. ಆಯುಧಪೂಜೆಯ ದಿನ ಕುವೆಂಪುನಗರದ ನಿನ್ನ ಅಂಗಡಿಯಲ್ಲಿ ಎಲ್ಲರೆದುರಿಗೆ ವಿಭೂತಿ ಒರೆಸಿದೆ, ಅವತ್ತಿನಿಂದ ವ್ಯಾಪಾರ ಕೆಟ್ಟು ನೀನು ಊರು ಬಿಡಬೇಕಾಯಿತು, ಇದು ಮೊದಲನೆಯದು. ‘ಒಡಹುಟ್ಟಿದವನ ಅಂಗಡಿ ಬಿಟ್ಟು ಆ ಜನದ ಅಂಗಡಿ ಮೆಟ್ಟಿಲು ಹತ್ತಿದೆಯಲ್ಲ, ಮಠದಲ್ಲಿ ನಾನು ಏನು ಮುಖ ತೋರಿಸಲಿ’ ಎಂಬುದು ಎರಡನೆಯದು. ಎರಡನ್ನೂ ಮಾಡಿದ್ದೇನೆ. ಯಾಕೆ ಮಾಡಿದೆ ಎಂಬುದನ್ನು ನಿನಗೆ ಕಥೆಯ ಹಾಗೆಯೇ ಹೇಳಬೇಕು, ಬೇರೆ ರೀತಿಯಲ್ಲಿ ಹೇಳಿದರೆ ನಿನ್ನ ತಲೆಗೆ ಹೋಗುವುದಿಲ್ಲ. ಊರಿನಲ್ಲಿ ನಾನು ಅವರೆಕಾಯಿ ಸುಲಿಯುತ್ತ ಕಥೆ ಹೇಳುತ್ತಿದ್ದರೆ ನೀನು ನನ್ನ ಲಂಗದ ಅಂಚು ಹಿಡಿದು ಕೂತಿರುತ್ತಿದ್ದೆ. ಅಪ್ಪ ಕೂಗಿದರೂ ಏಳುತ್ತಿರಲಿಲ್ಲ, ರೊಟ್ಟಿ ಆರಿಹೋದರೂ ಏಳುತ್ತಿರಲಿಲ್ಲ. ‘ಕಥೆ ಮುಗೀಲಿ ತಡಿ’ ಎನ್ನುತ್ತಿದ್ದೆ. ಸರಿ, ಈಗಲೂ ಹಾಗೆಯೇ ಕೂತುಕೋ.

ಒಂದಾನೊಂದು ಊರಿನಲ್ಲಿ ಪ್ರಭುಸ್ವಾಮಿ ಎಂಬ ಬಸ್ ಕಂಡಕ್ಟರ್ ಇದ್ದ. ಅವನೇ ನಿಮ್ಮ ಭಾವ. ಓಡುವ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಮನೆ ಸೇರಿದ. ಆಪರೇಷನ್ ಆಯಿತು, ಮಾತ್ರೆಗಳಾದವು, ಹೊಟ್ಟೆಯಲ್ಲಿ ಹುಣ್ಣಾಯಿತು, ನೋವು ಮಾತ್ರ ಇದ್ದಲ್ಲೇ ಇತ್ತು. ಕೂತರೆ ನಿಲ್ಲಲಾರ, ನಿಂತರೆ ಮಲಗಲಾರ. ಕಡೆಗೆ ವೆಂಕಟಸುಬ್ಬಯ್ಯ ಪಂಡಿತರು ನಾಡಿ ಹಿಡಿದು, ಭಂಗಿ ಸೊಪ್ಪು ಹಾಕಿದ ಒಂದು ಲೇಹ್ಯ ಬರೆದುಕೊಟ್ಟರು. ಭಂಗಿ ಎಂದ ಕೂಡಲೇ ನನಗೆ ಊರ ಮುಂದಿನ ಮಂಟಪದಲ್ಲಿ ಚಿಲುಮೆ ಸೇದುತ್ತ ಬಿದ್ದಿರುತ್ತಿದ್ದ ಬೈರಾಗಿಗಳೇ ನೆನಪಾದರು. ಪಂಡಿತರು ನಕ್ಕರು. ‘ಚಿಲುಮೆ ಬೇರೆ, ಔಷಧಿ ಬೇರೆ ಕಣಮ್ಮ. ದಿನಕ್ಕೆ ಬೋರೆಹಣ್ಣಿನ ಬೀಜದಷ್ಟು, ಊಟ ಆದ್ಮೇಲೆ. ಅಳತೆ ಮೀರಬಾರದು. ಯಾರ ಹತ್ರ ತಗೋತೀರಿ ಅನ್ನೋದನ್ನ ಮಾತ್ರ ಚೆನ್ನಾಗಿ ನೋಡಿ ತಗೊಳ್ಳಿ’ ಎಂದರು. ನಾನು ನೋಡಲೇ ಇಲ್ಲ. ನೋಡುವುದೇನಿದೆ, ನನ್ನ ತಮ್ಮನದೇ ಆಯುರ್ವೇದ ಅಂಗಡಿ, ಮನೆಯಿಂದ ನಡೆದರೆ ಕಾಲು ಗಂಟೆ. ನೀನೇ ಸ್ಕೂಟರಿನಲ್ಲಿ ಬಂದು ಡಬ್ಬಿ ಕೊಟ್ಟು, ಮಜ್ಜಿಗೆ ಕುಡಿದು ಹೋಗುತ್ತಿದ್ದೆ. ನಮ್ಮವರ ಅಂಗಡಿಯಲ್ಲಿ ಪ್ರಶ್ನೆ ಕೇಳುವುದು ನಮ್ಮಲ್ಲಿ ಅವಮಾನ ಮಾಡಿದ ಹಾಗೆ. ಆ ಮರ್ಯಾದೆಗೇ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮೊದಲ ಎರಡು ಡಬ್ಬಿ ಚೆನ್ನಾಗಿಯೇ ಇದ್ದವು, ಸುಳ್ಳು ಹೇಳುವುದಿಲ್ಲ. ನಿಮ್ಮ ಭಾವ ಎಷ್ಟೋ ತಿಂಗಳ ಮೇಲೆ ಗೋಡೆ ಹಿಡಿಯದೆ ಗೇಟಿನವರೆಗೆ ನಡೆದರು. ಮೂರನೆಯ ಡಬ್ಬಿ ಹೊಸ ಭರಣಿಯದು ಎಂದು ನೀನೇ ಹೇಳಿದ್ದೆ. ಆ ಲೇಹ್ಯ ಕೊಟ್ಟ ಎರಡನೆಯ ದಿನ ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದೆ. ಜಗುಲಿಯಿಂದ ಸೀಟಿ ಕೇಳಿಸಿತು. ಬಂದು ನೋಡಿದರೆ ಈ ಮನುಷ್ಯ ಬರೀ ಬನಿಯನ್ನಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತು, ಕ್ಯಾಲೆಂಡರ್ ಹರಿದು ಹರಿದು ಬೀದಿಯವರಿಗೆ ಟಿಕೆಟ್ ಕೊಡುತ್ತಿದ್ದಾರೆ. ‘ಯಾರ್ರೀ ಅಗ್ರಹಾರ, ಇಳೀರಿ ಬೇಗ. ಒಳಗೋಗಿ ಸ್ವಾಮಿ, ಒಳಗೆ ಜಾಗ ಐತೆ’ ಎನ್ನುತ್ತಿದ್ದಾರೆ. ಎದುರು ಮನೆಯ ಟ್ಯುಟೋರಿಯಲ್ಲಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನಗೂ ಅರೆಗಳಿಗೆ ನಗು ಬಂತು, ಆ ನಗುವನ್ನು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಹತ್ತಿರ ಹೋದರೆ ಕಣ್ಣಿನ ಪಾಪೆ ಬಟ್ಟಲಿನಷ್ಟು ಅಗಲವಾಗಿದೆ, ಮೈ ಕೆಂಡ, ನಾಲಿಗೆ ಒಣಗಿ ಸಿಪ್ಪೆ. ‘ಬಸ್ಸಿನ ತುಂಬ ಇರುವೆ ಕಣೇ ಮಂಜುಳ, ಡ್ರೈವರಿಗೆ ಹೇಳು’ ಎಂದರು. ಆಮೇಲೆ ಮೂತ್ರ ಕಟ್ಟಿತು. ಮೂರು ದಿನ ಆಸ್ಪತ್ರೆಯಲ್ಲಿ ಅವರ ಕೈಕಾಲನ್ನು ಮಂಚಕ್ಕೆ ಕಟ್ಟಿಹಾಕಿದ್ದರು. ಮೂವತ್ತು ವರ್ಷ ಒಬ್ಬ ಪ್ರಯಾಣಿಕನಿಗೂ ಎದುರು ಮಾತಾಡದ ಮನುಷ್ಯನನ್ನು.

ನೀನು ಎಳನೀರು ಹಿಡಿದು ಬಂದೆ. ಬಂದವನು ಏನು ಹೇಳಿದೆ? ‘ಭಾವ ಎರಡು ಮೂರು ಉಂಡೆ ನುಂಗಿರ್ತಾರೆ ಕಣಕ್ಕ. ನೀನು ಸರಿಯಾಗಿ ಅಳೆದು ಕೊಡ್ಬೇಕಿತ್ತು’ ಎಂದೆ. ನಾನು ಬೋರೆಬೀಜವನ್ನು ಪಕ್ಕದಲ್ಲಿಟ್ಟುಕೊಂಡೇ ಅಳೆಯುತ್ತಿದ್ದವಳು. ಲೇಹ್ಯದಲ್ಲಿ ಏನೋ ದೋಷವಿದೆ ಎಂದೆ. ‘ದೋಷವಾ? ಲ್ಯಾಬಿನಲ್ಲಿ ಪರೀಕ್ಷೆಯಾದ ಸರ್ಟಿಫಿಕೇಟು ಗೋಡೆ ಮೇಲೆ ನೇತಾಡ್ತಾ ಐತೆ. ಊರಿನೋರಿಗೆಲ್ಲ ಕಾಣ್ತದೆ, ನಿನಗೆ ಕಾಣಕ್ಕಿಲ್ವಾ?’ ಎಂದು ನರ್ಸುಗಳ ಮುಂದೆ ಕೂಗಿದೆ.

ಆದ್ದರಿಂದ ನೋಡಲು ಬಂದೆ. ಆಯುಧಪೂಜೆಯಾದ್ದರಿಂದ ಅಂಗಡಿಗೆ ಬಾಳೆಕಂದು ಕಟ್ಟಿದ್ದಿರಿ, ತಕ್ಕಡಿಗೆ ಹೂವು, ಗಲ್ಲಾಪೆಟ್ಟಿಗೆಗೆ ಹೂವು, ಸ್ಕೂಟರಿಗೆ ಹೂವು. ಗೋಡೆಯ ಮೇಲೆ ಕಟ್ಟುಹಾಕಿಸಿದ ಆ ಸರ್ಟಿಫಿಕೇಟಿಗೂ ಸೇವಂತಿಗೆ ಹಾರ. ಗಾಜಿನ ಮೇಲೆ ಉದ್ದಕ್ಕೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಅದೂ ಒಂದು ವರ್ಷದ್ದಲ್ಲ, ಹೋದ ವರ್ಷದ್ದರ ಮೇಲೆ ಈ ವರ್ಷದ್ದು, ಅದರ ಹಿಂದಿನದರ ಮೇಲೆ ಹೋದ ವರ್ಷದ್ದು, ಗಟ್ಟಿಯಾಗಿ ಗಾರೆಯ ಹಾಗೆ ಕೂತಿತ್ತು. ಔಷಧಿಯ ಹೆಸರು, ತಾರೀಕು ಎರಡೂ ಅದರ ಅಡಿಯಲ್ಲಿ. ನಾನು ಸ್ಟೂಲು ಹತ್ತಿ ಸೆರಗಿನ ತುದಿಯಲ್ಲಿ ಒರೆಸಿದೆ. ‘ಅಯ್ಯಯ್ಯೋ ಅತ್ತಿಗೆ, ಹಬ್ಬದ ದಿನ ವಿಭೂತಿ ಒರೆಸ್ಬುಟ್ರಲ್ಲ!’ ಎಂದು ಸರ್ವಮಂಗಳೆ ಚೀರಿದಳು. ಬಂದ ಗಿರಾಕಿಗಳೆಲ್ಲ ನನ್ನನ್ನು ನೋಡಿದರು. ಆ ಕಾಗದವನ್ನು ಒಬ್ಬರೂ ನೋಡಲಿಲ್ಲ. ನಾನು ನೋಡಿದೆ. ದಶಮೂಲ ಕಷಾಯ, ಸಾವಿರದ ಒಂಬೈನೂರ ತೊಂಬತ್ತನೆಯ ಇಸವಿ. ಹನ್ನೆರಡು ವರ್ಷದ ಹಿಂದೆ, ಯಾವುದೋ ಕಷಾಯಕ್ಕೆ ಯಾರೋ ಕೊಟ್ಟ ಕಾಗದಕ್ಕೆ ನೀನು ವರ್ಷಾವರ್ಷ ಪೂಜೆ ಮಾಡಿಕೊಂಡು ಬಂದಿದ್ದೀಯ. ನಿನಗೂ ಮರೆತುಹೋಗಿತ್ತು, ನಿನ್ನ ಮುಖ ನೋಡಿದರೆ ತಿಳಿಯುತ್ತಿತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು. ಬೇಕೆಂದು ಮೋಸ ಮಾಡುವವನು ತಾರೀಕನ್ನಾದರೂ ಜ್ಞಾಪಕ ಇಟ್ಟುಕೊಂಡಿರುತ್ತಾನೆ.

ಇನ್ನು ಎರಡನೆಯ ಪಾಪ. ನಿಮ್ಮ ಭಾವನಿಗೆ ನೋವು ತಿರುಗಿ ಬಂತು, ಪಂಡಿತರು ಅದೇ ಔಷಧಿಯನ್ನು ಒಳ್ಳೆಯ ಕಡೆಯಿಂದ ತನ್ನಿ ಎಂದರು. ಮಂಡಿ ಮೊಹಲ್ಲಾದ ಮಹದೇವಯ್ಯನವರ ಅಂಗಡಿಯನ್ನು ಹೇಳಿದವರೂ ಅವರೇ. ಅನುಕೂಲದ ಮಾತು ಕೇಳಬೇಡ. ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕು, ಇಳಿದ ಮೇಲೆ ಮೂಟೆ ಹೊತ್ತವರ ನಡುವೆ ನುಗ್ಗಿ ನಡೆಯಬೇಕು. ಅಷ್ಟು ಕಷ್ಟಪಟ್ಟು ಹೋದರೆ ಆ ಮನುಷ್ಯ ನನ್ನನ್ನು ನಗುತ್ತ ಬರಮಾಡಿಕೊಂಡರೇ? ‘ಪಂಡಿತ್ರ ಚೀಟಿ ಎಲ್ಲಿ ತಾಯಿ?’ ಎಂದರು. ಮನೆಯಲ್ಲಿದೆ ಎಂದೆ. ‘ಅಂಗಾದ್ರೆ ಔಷಧೀನೂ ಇಲ್ಲೇ ಇರ್ತದೆ, ಚೀಟಿ ತಂದು ತಗೊಂಡೋಗಿ’ ಎಂದರು. ನನ್ನ ತಮ್ಮನದೂ ಇಂಥದೇ ಅಂಗಡಿ, ನನಗೆ ಗೊತ್ತಿಲ್ಲದ್ದಲ್ಲ ಎಂದು ಜಂಬ ಕೊಚ್ಚಿದೆ. ‘ಒಳ್ಳೇದಾಯ್ತು, ಅಲ್ಲೇ ತಗಳಿ’ ಎಂದು ತಕ್ಕಡಿ ಒರೆಸತೊಡಗಿದರು. ಬೈದುಕೊಂಡು ಮನೆಗೆ ಬಂದು, ಚೀಟಿ ಹಿಡಿದು ಮತ್ತೆ ಅಷ್ಟು ದೂರ ಹೋದೆ.

ಆವತ್ತು ಅವರ ಮಗಳು ಸಂಘಮಿತ್ರ ಇದ್ದಳು. ಔಷಧಿ ಶಾಸ್ತ್ರ ಓದಿದವಳು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡ ಮಾತು ಕಡಿಮೆಯ ಹುಡುಗಿ. ಡಬ್ಬಿಯ ಮುಚ್ಚಳದ ಮೇಲಿನ ನಂಬರನ್ನು ನನ್ನ ಕೈಯಿಂದಲೇ ಓದಿಸಿ, ಒಂದು ದಪ್ಪ ಫೈಲು ತೆಗೆದು ಅದೇ ನಂಬರಿನ ಲ್ಯಾಬ್ ಕಾಗದ ತೋರಿಸಿದಳು. ಪ್ರತಿ ಸಲ ಬಂದ ಮಾಲಿಗೂ ಒಂದೊಂದು ಕಾಗದ. ನಾನು ಸುಮ್ಮನೆ ಹಾಳೆ ತಿರುವಿದೆ. ನಡುವೆ ಒಂದು ಕಾಗದದ ಮೇಲೆ ಕೆಂಪು ಮಸಿಯಲ್ಲಿ ‘ಮಾರಬಾರದು’ ಎಂದು ಬರೆದಿತ್ತು. ಇದೇನಮ್ಮ ಎಂದು ಕೇಳಿದೆ. ‘ಅದು ಫೇಲಾಯ್ತು ಆಂಟಿ. ಅಷ್ಟೂ ಡಬ್ಬಿ ವಾಪಸ್ ಕಳಿಸಿದ್ವಿ’ ಎಂದಳು. ಹಾಗಿದ್ದರೆ ಈ ಕಾಗದ ಯಾಕೆ ಇಟ್ಟುಕೊಂಡಿದ್ದೀರಿ ಎಂದೆ. ‘ಪಾಸಾಗಿದ್ದು ಮಾತ್ರ ಇಟ್ಕೊಂಡ್ರೆ ನೀವು ಎಂಗೆ ನಂಬ್ತೀರ?’ ಎಂದಳು. ಅಲ್ಲಿಗೆ ನನ್ನ ಅಂಗಡಿ ಹುಡುಕುವ ಕೆಲಸ ಮುಗಿಯಿತು. ಆ ಜನ, ಆ ಜನ ಎಂದು ನಿನ್ನ ಕಾಗದದಲ್ಲಿ ಮೂರು ಸಲ ಬರೆದಿದ್ದೀಯ. ಆ ಜನದ ಅಂಗಡಿಯ ಮುಂದೆ ಬುದ್ಧನ ಪಟವಿದೆ, ಅಂಬೇಡ್ಕರರ ಪಟವಿದೆ, ಎರಡಕ್ಕೂ ಹಾರವಿದೆ. ಲ್ಯಾಬಿನ ಕಾಗದಕ್ಕೆ ಮಾತ್ರ ಹಾರವಿಲ್ಲ, ಓದಲು ಬರುವ ಹಾಗೆ ಇಟ್ಟಿದ್ದಾರೆ. ಅವರ ಮನೆಯ ಕಾಫಿಯನ್ನೂ ಕುಡಿದೆ. ಇದನ್ನು ಮಠದಲ್ಲಿ ಹೇಳು, ಸರ್ವಮಂಗಳೆಗೆ ಗಟ್ಟಿಯಾಗಿ ಓದಿ ಹೇಳು.

ನಿನ್ನ ಮೂರನೆಯ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಸಂಘಮಿತ್ರ ಅದನ್ನು ನಿಮ್ಮ ಭಾವನ ಹೆಸರಿನಲ್ಲಿ ಅದೇ ಲ್ಯಾಬಿಗೆ ಕಳಿಸಿದಳು. ಇವತ್ತು ಬೆಳಿಗ್ಗೆ ಉತ್ತರ ಬಂತು. ಅದರ ನಕಲು ಇದರ ಜೊತೆಗಿದೆ, ಇದಕ್ಕೂ ವಿಭೂತಿ ಹಚ್ಚುವ ಮೊದಲು ಓದು. ನಿನಗೆ ಬೇಗ ತಿಳಿಯಲಿ ಎಂದು ನಾನೇ ಹೇಳುತ್ತೇನೆ: ಭಂಗಿಯ ಜೊತೆಗೆ ದತ್ತೂರಿ ಬೀಜದ ಪುಡಿ ಸೇರಿದೆ. ದತ್ತೂರಿ, ಷಡಕ್ಷರಿ. ನಮ್ಮ ತಿಪ್ಪೆಯ ಪಕ್ಕ ಬಿಳಿಯ ಹೂ ಬಿಟ್ಟು ನಿಲ್ಲುತ್ತಿದ್ದ ಮುಳ್ಳುಕಾಯಿಯ ಗಿಡ. ನೀನು ಅದರ ಕಾಯಿ ಕಿತ್ತು ಆಡುತ್ತಿದ್ದಾಗ ಅವ್ವ ಸೆಗಣಿಯ ಕೈಯಲ್ಲೇ ಓಡಿಬಂದು, ‘ಮುಟ್ಬ್ಯಾಡ್ವೋ ನನ್ ಕಂದ, ಸತ್ತೋಗ್ತೀಯ’ ಎಂದು ನಿನ್ನ ಬೆನ್ನಿಗೆ ಗುದ್ದಿ, ನಿನ್ನ ಕೈಯನ್ನು ಮೂರು ಸಲ ತೊಳೆದಿದ್ದಳು. ನೀನೇ ಬೆರೆಸಿದೆ ಎಂದು ನಾನು ಹೇಳುವುದಿಲ್ಲ. ಯಾರೋ ಮಾಡಿಕೊಟ್ಟದ್ದನ್ನು ತಂದೆ, ಕೇಳಲಿಲ್ಲ, ನೋಡಲಿಲ್ಲ. ಆದರೆ ನೀನು ತುಮಕೂರಿಗೆ ಹೊರಟ ದಿನ ಆ ಹೊಸ ಪಿಂಗಾಣಿ ಭರಣಿಯನ್ನು ಗೋಣಿಚೀಲದಲ್ಲಿ ಸುತ್ತಿ ವ್ಯಾನಿಗೆ ಏರಿಸಿದ್ದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಅದರ ಪಕ್ಕದಲ್ಲೇ ಅವ್ವನನ್ನೂ ಕೂರಿಸಿದೆ. ಈಗ ಅವಳಿಗೆ ದಿನವೂ ಅದರಿಂದಲೇ ತೆಗೆದು ಕೊಡುತ್ತಿದ್ದೀಯ, ಅವಳು ಸಿಹಿಯಾಗಿದೆ ಎಂದು ಚಪ್ಪರಿಸುತ್ತಿದ್ದಾಳೆ. ಅವಳಿಗೆ ಎಪ್ಪತ್ತೆಂಟು. ಗಟ್ಟಿ ಆಳು ನಿಮ್ಮ ಭಾವನನ್ನೇ ಮಂಚಕ್ಕೆ ಕಟ್ಟಬೇಕಾಯಿತು. ಅವ್ವನನ್ನು ಕಟ್ಟುವ ಹೊತ್ತು ಬಂದರೆ ನೀನು ಕಟ್ಟುತ್ತೀಯಾ, ನಿನ್ನ ಹೆಂಡತಿ ಕಟ್ಟುತ್ತಾಳಾ, ಇಬ್ಬರೂ ಕೂತು ತೀರ್ಮಾನ ಮಾಡಿ.

ಹೆಚ್ಚಿಗೆ ಏನು ಬರೆಯಲಿ? ನಿಮ್ಮ ಭಾವ ಈಗ ಕೋಲು ಹಿಡಿದು ಹಾಲಿನ ಬೂತಿನವರೆಗೂ ಹೋಗಿ ಬರುತ್ತಾರೆ. ನಿನ್ನನ್ನು ಕೇಳಿದ್ದಾರೆ ಎಂದು ಬರೆ ಎಂದರು, ಅವರದು ದೊಡ್ಡ ಮನಸ್ಸು. ನನ್ನದು ಅಷ್ಟು ದೊಡ್ಡದಲ್ಲ. ನಿನಗೆ ಆಯುಸ್ಸು ಹೆಚ್ಚಲಿ, ಬುದ್ಧಿ ಅದಕ್ಕಿಂತ ಮೊದಲು ಬರಲಿ ಎಂದು ಹರಸುವ,

ನಿನ್ನ ಅಕ್ಕ
ಮಂಜುಳ

ಮರೆತೆ: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಲಿಲ್ಲವೆ? ಅಂಚೆಯನ್ನು ನಂಬಿ ಕೂತರೆ ಅವ್ವನಿಗೆ ಇನ್ನೂ ಮೂರು ದಿನದ ಲೇಹ್ಯ ಬೀಳುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ನಾನೇ ಬಂದು, ನಿನ್ನ ಗಲ್ಲಾಪೆಟ್ಟಿಗೆಯ ಮುಂದೆ ಇದನ್ನು ಕೈಗಿಟ್ಟು, ಒಂದು ಮಾತೂ ಆಡದೆ ಅಂಗಡಿಯ ಹಿಂದಿನ ಮನೆಗೆ ಹೋಗುತ್ತೇನೆ. ನಿನ್ನ ಜೊತೆ ಜಗಳಕ್ಕೆ ನಿಂತರೆ ಅವಳನ್ನು ನೀನು ಕಳಿಸುವುದಿಲ್ಲ. ಕಥೆ ಮುಗಿಯದೆ ಏಳುವವನೂ ನೀನಲ್ಲ, ಅದಕ್ಕೇ ಇಷ್ಟುದ್ದ ಬರೆದೆ. ಈಗ ಮುಗಿಯಿತು, ಏಳು. ಭರಣಿಯನ್ನು ಮೋರಿಗೆ ಬೋರಲು ಹಾಕು, ಕೊಂಡುಹೋದವರ ಮನೆಮನೆಗೆ ಹೋಗಿ ಹೇಳು. ಅವ್ವನನ್ನು ಹುಡುಕಬೇಡ, ಆಸ್ಪತ್ರೆಯಲ್ಲಿ ತೋರಿಸಿಕೊಂಡು ಮೈಸೂರಿಗೆ ಹೊರಟಿರುತ್ತೇವೆ. ಆಟೋವನ್ನು ಹಿತ್ತಲಿಗೇ ಕರೆಸಿಕೊಂಡಿರುತ್ತೇನೆ. ಹಿತ್ತಲ ಬಾಗಿಲು ತೆರೆದೇ ಇರುತ್ತದೆ, ಹಾಕಿಕೋ.