ಹೊಸಿಲಿನ ಮೇಲೊಂದು ಹಲಗೆ

ಜುಲೈ ೧೨, ಶನಿವಾರ

‘ಹೊಸಿಲು ಅಂದ್ರೆ ಲಕ್ಷ್ಮಿ ಅಲ್ವಾ ಸಾರ್, ಅದರ ಮೇಲೆ ದಿನಾ ಚಕ್ರ ಹರಿದ್ರೆ ಹೇಗೆ?’ ಎಂದರು. ಇನ್ನೂ ಏನೋ ಹೇಳಿದರು, ನೆನಪಿಲ್ಲ. ಇವರು ಆರ್.ಟಿ. ನಗರದ ಮನೆಯೊಡತಿ ಪುಟ್ಟಲಕ್ಷ್ಮಮ್ಮ, ಬಾಡಿಗೆಗೆ ಮನೆ ಕೇಳಲು ಹೋಗಿದ್ದೆವು. ಕೆಳಗಿನ ಭಾಗ ಖಾಲಿ ಇದೆ, ಆದರೆ ಮುಂಬಾಗಿಲು ಅವರಿಗೂ ಬಾಡಿಗೆಯವರಿಗೂ ಒಂದೇ. ತಂಗಿ ಭಾಗ್ಯಶ್ರೀಯ ಗಾಲಿಕುರ್ಚಿ ಒಳಗೆ ಹೋಗುವಂಥ ಮನೆ ಈ ತಿಂಗಳೊಳಗೆ ಸಿಗಬೇಕು, ಈಗಿರುವುದನ್ನು ಕೆಡವುತ್ತಾರೆ.

ಹೊಸಿಲಿಗೆ ತಾಗದಂತೆ ಹಲಗೆ ಹಾಕಿಕೊಳ್ಳುತ್ತೇವೆ ಎಂದೆ.

‘ಹಲಗೆ ಮುಚ್ಚಿದ್ರೆ ಅರಿಶಿನ ಕುಂಕುಮ ಎಲ್ಲಿಡ್ಲಿ?’

ಮನೆ ಕೊಡಲಾಗುವುದಿಲ್ಲ ಎಂದರು. ಅವರಲ್ಲಿ ದ್ವೇಷವೇನೂ ಕಾಣಲಿಲ್ಲ. ಗೇಟಿನ ಹೊರಗೆ ಕೂತಿದ್ದ ಭಾಗ್ಯಳಿಗೆ ತಾವೇ ಕಾಫಿ ತಂದುಕೊಟ್ಟರು, ಹಣೆಗೆ ಕುಂಕುಮವಿಟ್ಟರು.

ಭಾಗ್ಯ ಲೋಟ ಹಿಂತಿರುಗಿಸಿ, ಚೀಲದಿಂದ ತನ್ನ ಸಂಘದ ಹಾಳೆ ತೆಗೆದಳು. ಅಂಗವಿಕಲರಿಗೆ ಮನೆ, ಕೆಲಸ ನಿರಾಕರಿಸಿದರೆ ಶಿಕ್ಷೆ ಎನ್ನುವ ಮಸೂದೆ ಬೇಗ ಬರಲಿ ಎಂಬ ಮನವಿ.

‘ಒಂದ್ ಸಹಿ ಹಾಕ್ತೀರೇನ್ರಿ ಅಮ್ಮಾ?’

ಪುಟ್ಟಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ಒಳ್ಳೇ ಕೆಲಸ ಕಣಮ್ಮ, ಬೇಗ ಆಗ್ಲಿ’ ಎಂದು ಸಹಿ ಮಾಡಿದರು.

ಆಟೋದಲ್ಲಿ ಭಾಗ್ಯ, ‘ಅಕ್ಷರ ಭಾಳ ಚೆಂದ ಅದಾವ ನೋಡಣ್ಣ’ ಎಂದಳು. ನಕ್ಕಳೇನೋ. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನಗಳು ನಿಂತಿದ್ದವು, ಅವುಗಳನ್ನೇ ನೋಡುತ್ತಿದ್ದೆ.

ಕಾನೂನು ಬಂತು ಎಂದುಕೊಳ್ಳೋಣ. ಆಗ ಪುಟ್ಟಲಕ್ಷ್ಮಮ್ಮ ಮನೆ ಕೊಡಲೇಬೇಕು. ದಿನಾ ಬೆಳಿಗ್ಗೆ ನೀನು ಹಲಗೆಯ ಮೇಲೆ ಹೊರಬರುವಾಗ ಆಕೆ ಅರಿಶಿನದ ಬಟ್ಟಲು ಹಿಡಿದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಅಲ್ಲಿ ನಿನಗೆ ಇರಲಾಗುತ್ತದೆಯೇ, ಭಾಗ್ಯ?