ಜಾಮೀನು ಮತ್ತು ಆರು ರೊಟ್ಟಿ

ಉಣಕಲ್, ಹುಬ್ಬಳ್ಳಿ
ಶುಕ್ರವಾರ

ಸೌಮ್ಯಾಳ ಅಪ್ಪಾಜಿಗೆ ಶರಣು.

ನಾವೆಲ್ಲ ಆರಾಮ ಇದ್ದೇವೆ. ನೀವು ಆರಾಮ ಇದ್ದೀರೋ ಇಲ್ಲವೋ ಎಂಬುದೇ ಈಗ ಕೋರ್ಟಿನ ಮುಂದಿರುವ ಪ್ರಶ್ನೆ. ವಕೀಲರು ಅರ್ಧ ಹೇಳಿರುತ್ತಾರೆ, ಪೂರ್ತಿ ನಾನು ಬರೆಯುತ್ತೇನೆ.

ನಿನ್ನೆ ನಿಮ್ಮ ಜಾಮೀನಿನ ವಾದ ನಡೆಯಿತು. ಗುಡಿಯ ಬೆಳ್ಳಿ ಕಿರೀಟ ಕಳುವಾದ ಕೇಸು ಅಂದರೆ ಟೀವಿಯವರಿಗೆ ಹಬ್ಬ. ಅವರನ್ನು ದಾಟಿ ಒಳಗೆ ಹೋಗುವಷ್ಟರಲ್ಲಿ ಅತ್ತೆಯವರ ಸೆರಗು ಹರಿಯಿತು. ವೆಂಕಣ್ಣ ವಕೀಲರು ಮೊದಲು ಛಲೋ ಮಾತಾಡಿದರು. ಗುಡಿಯ ಕಪಾಟಿನ ಕೀಲಿ ನಿಮ್ಮೊಬ್ಬರ ಹತ್ತಿರವೇ ಇರಲಿಲ್ಲ, ಕಿರೀಟ ನಮ್ಮ ಮನೆಯಲ್ಲಿ ಸಿಕ್ಕಿಲ್ಲ. ತಿಂಗಳಿಂದ ಟೀವಿಯಲ್ಲಿ ನಿಮ್ಮ ಮುಖ ನೋಡಿ ಊರಿಗೆ ಊರೇ ಗುರುತು ಹಿಡಿದಿದೆ, ಈ ಮನುಷ್ಯ ಓಡಿಹೋದರೂ ಚಹಾ ಕುಡಿಯಲಿಕ್ಕೆ ಎಲ್ಲಿ ನಿಂತಾನು ಅಂದರು. ಜಡ್ಜ್ ಸಾಹೇಬರು ನಕ್ಕರು. ನನಗೆ ಜೀವ ಬಂತು. ಬುಧವಾರ ಸೌಮ್ಯಾಳ ನಿಶ್ಚಯ ಕಾರ್ಯಕ್ಕೆ ನೀವು ಬಂದೇ ಬಿಟ್ಟಿರಿ ಅಂದುಕೊಂಡೆ.

ಅಲ್ಲಿಗೇ ನಿಲ್ಲಿಸಬಾರದೇ ಆ ಪುಣ್ಯಾತ್ಮ? ಆರೋಪಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಜೈಲಿನಲ್ಲಿ ಜೀವಕ್ಕೇ ಅಪಾಯ ಅಂತ ಶುರು ಮಾಡಿದರು. ಹಿಂದಿನ ಬೆಂಚಿನಲ್ಲಿ ಕೇಶ್ವಾಪುರದ ಬೀಗರು ಕೂತಿದ್ದರು. ಕೇಸಿನ ಬಗ್ಗೆ ಅವರದು ಮೊದಲಿನಿಂದಲೂ ತಕರಾರಿಲ್ಲ. ಆದರೆ ಸಕ್ಕರೆ ಅಂದ ಕೂಡಲೇ ಗುರುಶಿದ್ದಪ್ಪ ಬೀಗರು ಹೆಂಡತಿಗೆ ಅಂದದ್ದು ನನ್ನ ಕಿವಿಗೆ ಬಿತ್ತು: "ಕೇಸು ಅಪ್ಪನ ಜೋಡಿ ಮುಗೀತದ. ಸಕ್ಕರಿ ಮಗಳಿಗೂ ಬರ್ತದ."

ಅಷ್ಟರಲ್ಲಿ ಅತ್ತೆ ಎದ್ದು ನಿಂತರು. "ಸಾಹೇಬ್ರ, ನನ್ನ ಮಗಗ ಯಾವ ರೋಗಾನೂ ಇಲ್ರಿ. ದಿನಾ ಆರು ಜ್ವಾಳದ ರೊಟ್ಟಿ ತಿಂತಾನ. ನಮ್ಮ ಮನಿತನದಾಗ ಯಾರೂ ಗುಳಿಗಿ ಮುಖಾನ ನೋಡಿಲ್ಲ."

ವೆಂಕಣ್ಣನವರು ಹಣೆ ಹಿಡಿದುಕೊಂಡು ಕೂತರು. ಸರ್ಕಾರಿ ವಕೀಲರು ಆ ಆರು ರೊಟ್ಟಿಯನ್ನೇ ಹಿಡಿದು ಜಗ್ಗಿದರು. ತಾಯಿ ಹೇಳುವುದು ಖರೆಯೋ ವಕೀಲರು ಹೇಳುವುದೋ ಡಾಕ್ಟರೇ ನೋಡಲಿ ಅಂದ ಸಾಹೇಬರು, ಬರುವ ಗುರುವಾರ ನಿಮ್ಮ ತಪಾಸಣೆ ಇಟ್ಟಿದ್ದಾರೆ. ಆದೇಶ ಏನಿದ್ದರೂ ಆಮೇಲೆ.

ಹೊರಗೆ ಬಂದ ಬೀಗರು ಅತ್ತೆಗೆ ಕೈಮುಗಿದು, ಇಂಥ ಗಟ್ಟಿ ಮನೆತನ ಎಲ್ಲಿ ಸಿಗಬೇಕು, ಬುಧವಾರದ ಕಾರ್ಯ ಬುಧವಾರವೇ ಅಂದರು. ನಿಮ್ಮ ಜಾಗದಲ್ಲಿ ಶಾಂತಯ್ಯ ಕಾಕಾ ಕೂರುತ್ತಾರೆ. ಅಪ್ಪ ಇಲ್ಲದ ನಿಶ್ಚಯ ಯಾಕೆ ಬೇಕು ಅಂತ ಸೌಮ್ಯಾ ಅಡುಗೆಮನೆಯಲ್ಲಿ ಅತ್ತಳು. ನನಗೂ ಸಂಕಟವಾಯಿತು.

ನಿಮ್ಮ,
ಸುಕನ್ಯಾ

ತಾ.ಕ.: ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರ ಕಿವಿ ಎಷ್ಟು ಮಂದ ನಿಮಗೇ ಗೊತ್ತು, ವಕೀಲರ ಒಂದು ಮಾತೂ ಅವರಿಗೆ ಕೇಳಿಸಿರಲಿಲ್ಲ. "ನಿಮ್ಮ ಮಗ ರೋಗಿಷ್ಠ ಅನ್ನುತ್ತಿದ್ದಾರೆ" ಅಂತ ಅವರ ಕಿವಿಯಲ್ಲಿ ಹೇಳಿ ಎಬ್ಬಿಸಿದವಳು ನಾನು. ಆ ಹೊತ್ತಿಗೆ ಮಗಳ ಮುಖ ಕಂಡಿತು, ನಿಮ್ಮದು ಕಾಣಲಿಲ್ಲ. ತಪ್ಪಾಯಿತು. ಹನ್ನೆರಡು ವರ್ಷ ಅತ್ತೆಗೆ ಗೊತ್ತಾಗದಂತೆ ವಿಭೂತಿ ಡಬ್ಬಿಯಲ್ಲಿಟ್ಟು ಕೊಟ್ಟ ಗುಳಿಗೆಯನ್ನು ಅಲ್ಲಿಯೂ ತಪ್ಪಿಸಬೇಡಿ. ಬುಧವಾರದ ತನಕ ಗಟ್ಟಿಮುಟ್ಟಾಗಿರಿ. ಗುರುವಾರ ಡಾಕ್ಟರ ಮುಂದೆ ಮನಸಾರೆ ನರಳಿ.