ಕಾಗಿಣಾ ನೌಕೆಯ ಏಳನೆಯ ಟ್ಯಾಂಕು

ಐವಾನ್-ಎ-ಶಾಹಿ, ಕಲಬುರಗಿ
೧೮ ನವೆಂಬರ್ ೨೦೨೪, ಸೋಮವಾರ

ಶ್ರೀ ವಿವೇಕಾನಂದ ಅವರಿಗೆ,

ಶರಣು. ಸಂಬೋಧನೆಯಲ್ಲಿ ಇದಕ್ಕಿಂತ ಹೆಚ್ಚಿನ ಪದವನ್ನು ನಿರೀಕ್ಷಿಸಬೇಡಿ. ಇಪ್ಪತ್ತೇಳು ವರ್ಷಗಳಿಂದ ಒಂದೇ ಸೂರಿನಡಿ ಇರದ ಗಂಡನಿಗೆ ಹೆಂಡತಿಯಾದವಳು ಏನೆಂದು ಬರೆಯಬೇಕು ಎಂಬುದನ್ನು ನಾನು ಯಾವ ತರಗತಿಯಲ್ಲಿಯೂ ಕಲಿಸಿಲ್ಲ.

ನಿಮ್ಮ ಪುಸ್ತಕದ ಕರಡು ತಲುಪಿದೆ. ಕಮಲಾಪುರದ ನಮ್ಮ ಶಾಲೆಯ ಸಮಿತಿಗೆ ಈಗ ಅಧ್ಯಕ್ಷನಾಗಿರುವ ಮಾಪಣ್ಣ ಕಳೆದ ವಾರ ತಾನೇ ತಂದುಕೊಟ್ಟ. "ಸಾಹೇಬ್ರು ಪುಣೆದಿಂದ ಕಳಿಸ್ಯಾರ್ರಿ ಮೇಡಂ, ಭಾಷಾ ತಿದ್ದಿ ಕೊಡ್ಬೇಕಂತ. ಕೆಂಪು ಪೆನ್ನು ನಾನೇ ತಂದೀನ್ರಿ. ನಿಮ್ಮ ಕೈಯಾಗ ಒಂದು ಸಾಲಂಗಿಲ್ಲಂತ ಎರಡು ತಂದೀನಿ" ಎಂದು ನಕ್ಕ. ಅವನಿಗೆ ಚಹಾ ಕೊಟ್ಟು ಕಳಿಸಿದೆ. ನನಗೆ ನಗು ಬರಲಿಲ್ಲ.

ನಿಮ್ಮ ಕಚೇರಿ ವಿನ್ಯಾಸ ಮಾಡಿದ, ನಮ್ಮ ಜಿಲ್ಲೆಯ ಕಾಗಿಣಾ ನದಿಯ ಹೆಸರನ್ನು ಹೊತ್ತ ಯುದ್ಧನೌಕೆ ಮೂವತ್ತೆರಡು ವರ್ಷಗಳ ಸೇವೆ ಮುಗಿಸಿತು. ಅದರ ಹಿತ್ತಾಳೆಯ ಗಂಟೆ ನಾವಿಬ್ಬರೂ ಬಲ್ಲ ಕಮಲಾಪುರಕ್ಕೇ ಬರಲಿ ಎಂದು ನೀವು ಓಡಾಡಿದಿರಿ; ಅದು ಬಂತು. ಡಿಸೆಂಬರ್ ನಾಲ್ಕರಂದು, ನೌಕಾಪಡೆಯ ದಿನ, ಗಂಟೆಯನ್ನು ಶಾಲೆಗೆ ಒಪ್ಪಿಸುತ್ತಾರೆ. ಅದೇ ವೇದಿಕೆಯಲ್ಲಿ ನಿಮ್ಮ ಪುಸ್ತಕ ಬಿಡುಗಡೆಯಾಗುತ್ತದೆ. ಹಿಂದಿನ ಮುಖ್ಯೋಪಾಧ್ಯಾಯಿನಿ ಎಂಬ ಕಾರಣಕ್ಕೆ ಅಧ್ಯಕ್ಷತೆ ನನ್ನದು. ಇಷ್ಟರವರೆಗೆ ನನ್ನ ಆಕ್ಷೇಪವಿಲ್ಲ.

ಕರಡಿನ ನೂರ ನಲವತ್ತು ಪುಟಗಳಲ್ಲಿ ನೂರ ಮೂವತ್ತೊಂಬತ್ತನ್ನು ತಿದ್ದಿ ಇದರೊಡನೆ ಕಳುಹಿಸುತ್ತಿದ್ದೇನೆ. ಹಡಗನ್ನು ಮೊದಲಿನಿಂದ ಕೊನೆಯವರೆಗೆ ನೀವು 'ಅವಳು' ಎಂದು ಬರೆದಿದ್ದೀರಿ. ಇಂಗ್ಲಿಷಿನ ನಾವಿಕರ ರೂಢಿ ಅದು. ಕನ್ನಡದಲ್ಲಿ ಹಡಗು ನಪುಂಸಕಲಿಂಗ. ಎಲ್ಲ ಕಡೆಯೂ 'ಅದು' ಎಂದು ಮಾಡಿದ್ದೇನೆ. ಉಕ್ಕಿನ ಮೇಲೆ ನಿಮಗಿದ್ದ ಮಮತೆ ವ್ಯಾಕರಣವನ್ನು ಬದಲಿಸುವುದಿಲ್ಲ.

ವಿನ್ಯಾಸದ ಅಧ್ಯಾಯ ಚೆನ್ನಾಗಿದೆ; ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಿಲ್ಲ. ದಿಲ್ಲಿಯ ನಕ್ಷೆ ಕಚೇರಿಯಲ್ಲಿ ಮೇಣದಲ್ಲಿ ಮಾಡಿದ ಮಾದರಿಯನ್ನು ಉದ್ದನೆಯ ನೀರಿನ ಕಾಲುವೆಯಲ್ಲಿ ಎಳೆದು ನೋಡಿದ್ದು, ಮೂತಿಯನ್ನು ಮೂರು ಬಾರಿ ಕೆತ್ತಿ ಬದಲಿಸಿದ್ದು, ಹೆಲಿಕಾಪ್ಟರಿಗಾಗಿ ಹಿಂಭಾಗವನ್ನು ಅಗಲಿಸಿದ್ದು, ಎಲ್ಲವೂ ಹತ್ತನೆಯ ತರಗತಿಯ ಮಕ್ಕಳಿಗೆ ಅರ್ಥವಾಗುವಂತಿದೆ. ಸೇವೆಯ ಚರಿತ್ರೆಯೂ ಸರಿ. ಚಂಡಮಾರುತದ ನಂತರ ಪೂರ್ವ ತೀರದ ಊರುಗಳಿಗೆ ಕುಡಿಯುವ ನೀರು ಒಯ್ದದ್ದು, ಏಡನ್ ಕೊಲ್ಲಿಯಲ್ಲಿ ವ್ಯಾಪಾರದ ಹಡಗುಗಳಿಗೆ ಕಾವಲು ನಿಂತದ್ದು ಓದುವಾಗ ಪೆನ್ನು ಕೆಳಗಿಟ್ಟಿದ್ದೆ.

ಹೆಸರಿನ ಅಧ್ಯಾಯ ಸುಳ್ಳು.

"ನನ್ನ ಪತ್ನಿಯ ತವರಿನ ನದಿಯ ನೆನಪಿಗಾಗಿ ನಾನೇ ಕಾಗಿಣಾ ಎಂಬ ಹೆಸರನ್ನು ಸೂಚಿಸಿದೆ" ಎಂದಿದ್ದೀರಿ. ನನ್ನ ತವರು ಕಮಲಾಪುರ. ಅದರ ಬಳಿ ಹರಿಯುವುದು ಬೆಣ್ಣೆತೊರೆ. ಆ ವರ್ಗದ ನೌಕೆಗಳಿಗೆಲ್ಲ ನದಿಗಳ ಹೆಸರಿಡುವುದೆಂದು ತೀರ್ಮಾನವಾಗಿ, ಕಚೇರಿಯಲ್ಲಿ ಎಲ್ಲರಿಂದಲೂ ಚೀಟಿಯಲ್ಲಿ ಹೆಸರು ಕೇಳಿದಾಗ ಕಾಗಿಣಾ ಎಂದು ಬರೆದವನು ನನ್ನ ಹಳೆಯ ವಿದ್ಯಾರ್ಥಿ, ಮಹಾಗಾಂವದಿಂದ ಬಂದು ನಿಮ್ಮ ಕೈಕೆಳಗೆ ನಕ್ಷೆಗಾರನಾಗಿದ್ದ ಕಪಿಲ. ಅವನ ಅಜ್ಜಿಯ ಊರು ಮಳಖೇಡ. ಅವನು ಈಜು ಕಲಿತದ್ದು ಆ ನದಿಯಲ್ಲಿ. ಚೀಟಿ ಆಯ್ಕೆಯಾದ ದಿನ ನೀವೇ ನನಗೆ ಬರೆದಿದ್ದಿರಿ: ನಮ್ಮ ಮಹಾಗಾಂವದ ಹುಡುಗ ಗೆದ್ದ ಎಂದು. ಈಗ ಹೆಸರು ನಿಮ್ಮದಾಗಿದೆ. ಅವನ ಪಾಲಿಗೆ ಅರವತ್ತೊಂದನೆಯ ಪುಟವನ್ನು ಉಳಿಸಿದ್ದೀರಿ.

ನಾನು ತಿದ್ದದೆ ಬಿಟ್ಟಿರುವುದು ಆ ಪುಟ.

ಅಲ್ಲಿ ನೀವು ಬರೆದಿರುವುದನ್ನು ನಿಮಗೇ ಓದಿ ಹೇಳುತ್ತೇನೆ, ಏಕೆಂದರೆ ಬರೆದವರು ತಮ್ಮ ವಾಕ್ಯವನ್ನು ಎರಡನೆಯ ಬಾರಿ ಓದುವುದು ಅಪರೂಪ. "೧೯೯೧ರಲ್ಲಿ ನಡೆದ ವಾಲಿಕೆಯ ಪರೀಕ್ಷೆಯಲ್ಲಿ ದೋಷವೊಂದು ಘಟಿಸಿತು. ಕಿರಿಯ ನಕ್ಷೆಗಾರ ಕಪಿಲ ದತ್ತಪ್ಪ ತನ್ನ ನಿರ್ಲಕ್ಷ್ಯವನ್ನು ಬರಹದಲ್ಲಿಯೇ ಒಪ್ಪಿಕೊಂಡನು."

ಪುಸ್ತಕವನ್ನು ಓದುವ ಮಕ್ಕಳಿಗೆ ಆ ಪರೀಕ್ಷೆ ಏನೆಂದು ನೀವು ಹೇಳಿಲ್ಲ. ನಾನು ಹೇಳುತ್ತೇನೆ; ನೀವೇ ಒಂದು ಬೇಸಿಗೆಯ ರಜೆಯಲ್ಲಿ ನಮ್ಮ ಅಂಗಳದ ನೀರಿನ ಹೌದಿನಲ್ಲಿ ಹಿತ್ತಾಳೆಯ ಅಗಲ ಪರಾತ ತೇಲಿಬಿಟ್ಟು ತೋರಿಸಿದ್ದಿರಿ. ಕಟ್ಟಿ ಮುಗಿದ ಹಡಗನ್ನು ನಿಂತ ನೀರಿನಲ್ಲಿ ತೇಲಿಸಿ, ಹಗ್ಗಗಳನ್ನು ಸಡಿಲಿಸಿ, ಹಡಗಿನ ಡೆಕ್ಕಿನ ಮೇಲೆ ಭಾರದ ಗಟ್ಟಿಗಳನ್ನು ಎಡದಿಂದ ಬಲಕ್ಕೆ ಸರಿಸುತ್ತಾರೆ. ಒಳಗೆ ತೂಗುಬಿಟ್ಟ ಲೋಲಕ ಎಷ್ಟು ಸರಿಯಿತು ಎಂದು ಅಳೆಯುತ್ತಾರೆ. ಹಡಗು ಸಮುದ್ರದಲ್ಲಿ ಮಗುಚುತ್ತದೆಯೋ ಇಲ್ಲವೋ ಎಂಬುದು ಆ ಅಳತೆಯಿಂದ ತಿಳಿಯುತ್ತದೆ. ಅದಕ್ಕೊಂದು ನಿಯಮ: ಎಣ್ಣೆಯ ಟ್ಯಾಂಕುಗಳು ಒಂದೋ ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಬರಿದಾಗಿರಬೇಕು. ಅರೆತುಂಬಿದ ಎಣ್ಣೆ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಸ್ಥಿರವಾದ ಹಡಗನ್ನೂ ಮೇಲೆ ಭಾರ ಹೆಚ್ಚಾಗಿ ಮಗುಚುವಂಥದ್ದೆಂದು ತೋರಿಸುತ್ತದೆ. ಆದ್ದರಿಂದ ಪ್ರತಿ ಟ್ಯಾಂಕಿಗೂ ಅಳತೆಯ ಟೇಪು ಇಳಿಸಿ ನೋಡಿಯೇ 'ಖಾಲಿ' ಎಂದು ಬರೆಯಬೇಕು.

ಏಳನೆಯ ಟ್ಯಾಂಕು ಅರೆತುಂಬಿತ್ತು. ಪಟ್ಟಿಯಲ್ಲಿ 'ಖಾಲಿ' ಎಂದು ಬರೆದ ಕೈ ನಿಮ್ಮದು. ಕೆಳಗೆ ಸಾಕ್ಷಿಯ ಸಹಿ ಕಪಿಲನದು.

ಆ ಸುಳ್ಳು ಲೆಕ್ಕದಿಂದಾಗಿ ಹಡಗಿನ ತಳದಲ್ಲಿ ಅರವತ್ತು ಟನ್ನು ಕಬ್ಬಿಣ ಹಾಕಿದರು. ಬೇಡದ ಭಾರ ತಳದಲ್ಲಿ ಕೂತದ್ದರಿಂದ ಹಡಗು ಅಲೆಗಳಲ್ಲಿ ನಿಧಾನವಾಗಿ ತೂಗುವ ಬದಲು ಫಕ್ಕನೆ ಎದ್ದು ಒದೆಯುತ್ತಿತ್ತು. ನಾವಿಕರು ಅದನ್ನು 'ಖಚ್ಚರ್', ಅಂದರೆ ಹೇಸರಗತ್ತೆ, ಎಂದು ಕರೆಯುತ್ತಿದ್ದರೆಂದು ಬರೆದು ನೀವು ನಗಿಸಲು ನೋಡಿದ್ದೀರಿ. ಕುದಿಯುವ ಬೇಳೆಯ ಪಾತ್ರೆ ಹಾರಿ ಅಡುಗೆಯವನೊಬ್ಬನ ತೋಳು ಬೆಂದದ್ದನ್ನು ಬರೆದಿಲ್ಲ. ನಾಲ್ಕು ವರ್ಷ ಹೀಗೆ ಓಡಾಡಿದ ಮೇಲೆ, ೧೯೯೬ರ ರಿಪೇರಿಯಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿದಾಗ ತಪ್ಪು ಹೊರಬಿತ್ತು. ಕಬ್ಬಿಣ ತೆಗೆದರು. ವಿಚಾರಣೆ ಕೂತಿತು.

ಆಗ ಕಪಿಲ ಕಮಲಾಪುರಕ್ಕೆ ಬಂದ. ನನ್ನ ಕೋಣೆಯಲ್ಲಿ ಹತ್ತನೆಯ ತರಗತಿಯಲ್ಲಿ ಕೂರುತ್ತಿದ್ದಂತೆಯೇ ಬೆಂಚಿನ ತುದಿಯಲ್ಲಿ ಕೂತು ಹೇಳಿದ: "ಟೀಚರ್ರಿ, ಆ ದಿನ ನಾ ಕೆಳಗ ಲೋಲಕದ ಹತ್ರ ಇದ್ದೆ. ಟ್ಯಾಂಕಿನ ಮುಚ್ಚಳ ನಾ ಮುಟ್ಟೇ ಇಲ್ಲ. ಸಾಹೇಬ್ರು ಪಟ್ಟಿ ತಂದು ಸಹಿ ಮಾಡಂದ್ರು, ಮಾಡಿದೆ." ಟೇಪು ಇಳಿಸಿದಿರಾ ಎಂದು ನೀನು ಕೇಳಲಿಲ್ಲವೇ ಎಂದೆ. "ಅವ್ರಿಗಿ ಹೆಂಗ ಕೇಳ್ಲಿರಿ? ನಮ್ಮೂರ ಕಡಿಯವ್ರು, ನನ್ನ ಕೆಲಸಕ್ಕ ಹಚ್ಚಿದವ್ರು. ಬ್ಯಾರೆ ಯಾರರ ಇದ್ದಿದ್ರ ಕೇಳ್ತಿದ್ದೆ" ಎಂದ. ಅವನ ತಪ್ಪು ಅಷ್ಟೇ. ದಿಲ್ಲಿಯ ಬೇರೆ ಯಾವ ಅಧಿಕಾರಿಯನ್ನಾದರೂ ಕೇಳಬಹುದಾಗಿದ್ದ ಪ್ರಶ್ನೆಯನ್ನು ಅವನು ಟೀಚರರ ಗಂಡನನ್ನು ಕೇಳಲಾರದೆ ಹೋದ.

ನಂತರ ಅವನು ದಿಲ್ಲಿಗೆ ಹೋದ, ತಪ್ಪೊಪ್ಪಿಗೆ ಬರೆದುಕೊಟ್ಟ, ಕೆಲಸ ಕಳೆದುಕೊಂಡ. ಅಂದಿನಿಂದ ಕುಸನೂರಿನಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಾನೆ. ಯುದ್ಧನೌಕೆಯ ನಕ್ಷೆ ಬರೆದ ಕೈ ಮೂವತ್ತು ನಲವತ್ತರ ಸೈಟಿನಲ್ಲಿ ದೇವರ ಕೋಣೆ ಎಲ್ಲಿ ಬರಬೇಕೆಂದು ಬರೆಯುತ್ತಿದೆ.

ನೀವು ಬಡ್ತಿ ಪಡೆದಿರಿ.

ಈಗ ಅವನ ಮಗಳು ಸಂಘಮಿತ್ರಾ ನಮ್ಮ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಡಿಸೆಂಬರ್ ನಾಲ್ಕರಂದು ನಿಮ್ಮ ಪುಸ್ತಕವನ್ನು ಪ್ರತಿ ತರಗತಿಗೂ ಹಂಚಿಸುವ ಕೆಲಸವನ್ನು ಮಾಪಣ್ಣ ಏನೂ ತಿಳಿಯದೆ ಅವಳಿಗೇ ಒಪ್ಪಿಸಿದ್ದಾನೆ. ತನ್ನ ತಂದೆಯನ್ನು ನಿರ್ಲಕ್ಷ್ಯದ ಮನುಷ್ಯನೆಂದು ಅಚ್ಚು ಹಾಕಿದ ಪುಟವನ್ನು ಅವಳು ತನ್ನ ಕೈಯಿಂದ ನಾನೂರು ಮಕ್ಕಳಿಗೆ ಹಂಚಬೇಕು. ಅದು ನಡೆಯಲು ನಾನು ಬಿಡುವುದಿಲ್ಲ.

ಭಾಷೆಯ ದೃಷ್ಟಿಯಿಂದಲೂ ಒಂದು ಮಾತು. ನಿಮ್ಮ ಪುಟದಲ್ಲಿ ದೋಷ 'ಘಟಿಸಿತು', ಆದರೆ ಕಪಿಲ 'ಒಪ್ಪಿಕೊಂಡನು'. ನಿಮ್ಮ ಕೆಲಸಕ್ಕೆ ಕರ್ತೃವಿಲ್ಲ, ಅವನ ಕೆಲಸಕ್ಕೆ ಮಾತ್ರ ಇದ್ದಾನೆ. ಇಂಥ ವಾಕ್ಯಗಳನ್ನು ಬರೆದ ಮಕ್ಕಳನ್ನು ನಾನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದೆ.

೧೯೯೬ರ ಅಕ್ಟೋಬರಿನಲ್ಲಿ ನೀವು ನನಗೆ ಬರೆದ ಪತ್ರದ ಮೊದಲ ಹಾಳೆ ಈಗ ನನ್ನ ಮುಂದಿದೆ. "ಏಳನೆಯ ಟ್ಯಾಂಕಿಗೆ ನಾನು ಟೇಪು ಇಳಿಸಲಿಲ್ಲ. ಹಿಂದಿನ ದಿನದ ಪಟ್ಟಿಯಲ್ಲಿ ಖಾಲಿ ಎಂದಿತ್ತು, ಅದನ್ನೇ ಬರೆದೆ. ಬಿಸಿಲು ಬಹಳವಿತ್ತು." ನಿಮ್ಮ ಅಕ್ಷರ, ನಿಮ್ಮ ಸಹಿ. ಇಷ್ಟು ವರ್ಷ ಏಕೆ ಸುಮ್ಮನಿದ್ದೆ ಎಂದು ಕೇಳುವ ಅಧಿಕಾರ ನಿಮಗಿಲ್ಲ. ಗಂಡ ಹೆಂಡತಿಗೆ ಬರೆದದ್ದು ಮನೆಯೊಳಗಿರಲಿ ಎಂದುಕೊಂಡಿದ್ದೆ, ಅಷ್ಟೇ.

ಇದೇ ತಿಂಗಳ ಇಪ್ಪತ್ತೈದರೊಳಗೆ ಅರವತ್ತೊಂದನೆಯ ಪುಟವನ್ನು ನೀವೇ ತಿದ್ದಿ ಮುದ್ರಣಾಲಯಕ್ಕೆ ಕಳುಹಿಸಿ. ಟೇಪು ಇಳಿಸದವನು ನಾನು ಎಂದು ಬರೆಯಿರಿ. ಹೆಸರಿನ ಗೌರವವನ್ನು ಕಪಿಲನಿಗೆ ಹಿಂದಿರುಗಿಸಿ. ಬರೆದರೆ ಈ ಹಾಳೆ ನನ್ನ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಬರೆಯದಿದ್ದರೆ ಅಧ್ಯಕ್ಷ ಭಾಷಣದ ಬದಲು ಅದನ್ನೇ ಓದುತ್ತೇನೆ. ನನ್ನ ಧ್ವನಿ ಇನ್ನೂ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ.

ಆರೋಗ್ಯ ವಿಚಾರಿಸುವುದಿಲ್ಲ. ಮುನ್ನುಡಿಯಲ್ಲಿ ನೀವೇ ಎರಡು ಪುಟ ಬರೆದುಕೊಂಡಿದ್ದೀರಿ.

ಇಂತು,
ವಿದ್ಯಾವತಿ
ನಿವೃತ್ತ ಮುಖ್ಯೋಪಾಧ್ಯಾಯಿನಿ

ಮರೆತ ಮಾತು. ೨೦ ನವೆಂಬರ್.

ಮರೆತದ್ದಲ್ಲ, ಬಿಟ್ಟದ್ದು. ಅಂಚೆಗೆ ಹಾಕುವ ಮೊದಲು, ಕಪಿಲನಿಗೆ ನ್ಯಾಯ ಕೊಡಿಸುತ್ತಿದ್ದೇನೆಂದು ಹೇಳಿ ಬರೋಣ ಎಂದು ನಿನ್ನೆ ಬೆಳಿಗ್ಗೆ ಕುಸನೂರಿಗೆ ಹೋಗಿದ್ದೆ. ಒಳ್ಳೆಯವಳೆಂದು ಹೇಳಿಸಿಕೊಳ್ಳುವ ಆಸೆಯೂ ನನಗಿತ್ತೆಂದು ಕಾಣುತ್ತದೆ. ಕಪಿಲನ ತಾಯಿ ಶೇವಂತಾ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಮೊದಲು ನಿಮಗೆ ಸೇರಬೇಕಾದದ್ದನ್ನು ಹೇಳಿದಳು: "ನಿಮ್ಮ ಮನಿಯವ್ರು ಹಡಗ ತೇಲಿಸಿದ್ರು ಅಕ್ಕೋರ, ನನ್ನ ಮಗನ್ನ ಮುಳುಗಿಸಿದ್ರು." ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, "ಆ ಹೊತ್ತಿನಾಗ ನೀವೊಬ್ರೇ ನಮ್ಮ ಕಡಿ ನಿಂತವ್ರು. ಸಾಯೂತನಕ ಮರೆಯಂಗಿಲ್ಲ" ಎಂದಳು.

ಕಪಿಲ ತಲೆ ಎತ್ತಲಿಲ್ಲ. ಮೇಜಿನ ಮೇಲಿದ್ದ ಯಾರದೋ ಮನೆಯ ನಕ್ಷೆಯ ಮೇಲೆ ಸ್ಕೇಲು ಸರಿಸುತ್ತಿದ್ದ. ಇಪ್ಪತ್ತೆಂಟು ವರ್ಷ ಅವನು ಹೆತ್ತ ತಾಯಿಗೂ ಹೇಳಿಲ್ಲವೆಂದು ಆಗ ತಿಳಿಯಿತು.

ನಿಮ್ಮ ಆ ಪತ್ರಕ್ಕೆ ಎರಡನೆಯ ಹಾಳೆಯಿದೆ. ನೀವೂ ಬಲ್ಲಿರಿ, ನಾನೂ ಬಲ್ಲೆ. "ಕಪಿಲ ಒಪ್ಪಿಕೊಂಡರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ನಾನಾದರೆ ಎಲ್ಲವೂ ಮುಗಿಯುತ್ತದೆ. ಅವನು ನಿನ್ನ ಮಾತು ಮೀರುವುದಿಲ್ಲ." ಅವನು ಮೀರಲಿಲ್ಲ. ಆ ತಪ್ಪೊಪ್ಪಿಗೆಯನ್ನು ನನ್ನ ಕೋಣೆಯ ಬಾಗಿಲು ಮುಚ್ಚಿ ಸಾಲುಸಾಲಾಗಿ ಹೇಳಿ ಬರೆಸಿದವಳು ನಾನು. ನಿರ್ಲಕ್ಷ್ಯ ಎಂಬ ಪದವನ್ನು ಆರಿಸಿದವಳೂ ನಾನೇ. ಎರಡನೆಯ ಹಾಳೆ ನನ್ನನ್ನು ಕಟ್ಟಿಹಾಕಿದೆ ಎಂಬ ಧೈರ್ಯದಿಂದಲೇ ನೀವು ಅರವತ್ತೊಂದನೆಯ ಪುಟವನ್ನು ಬರೆದು ನನ್ನಿಂದಲೇ ತಿದ್ದಿಸಲು ಕಳುಹಿಸಿದಿರಿ.

ಇದನ್ನೆಲ್ಲ ಶೇವಂತಾಳ ಎದುರಿಗೇ ಹೇಳಿದೆ. ಅವಳು ನನ್ನ ಕೈಗಳನ್ನು ಮೆಲ್ಲಗೆ ಬಿಟ್ಟಳು. ಸೆರಗಿನಿಂದ ತನ್ನ ಕೈ ಒರೆಸಿಕೊಂಡಳು. ಕಪಿಲ, "ಬಿಡವ್ವಾ, ಬರದಾವ ನಾನೇ ಅಲ್ಲೇನು" ಎಂದ. "ಅಕ್ಕೋರು ಹೇಳಿದ್ರ ಬಾವಿಗಿನೂ ಬೀಳಾಂವ ನೀ" ಎಂದು ಅವಳು ಗೋಡೆಯ ಕಡೆಗೆ ತಿರುಗಿದಳು.

ಶಾಲೆಗೆ ಹೊರಟಿದ್ದ ಸಂಘಮಿತ್ರಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಎರಡು ಹಾಳೆಗಳನ್ನೂ ಅವಳಿಗೆ ಕೊಡಹೋದೆ. ತೆಗೆದುಕೊಳ್ಳಲಿಲ್ಲ. "ನಾವು ಓದಿದ್ರ ದೂರು ಆಗ್ತದ್ರಿ ಮೇಡಂ. ನೀವ ಓದ್ರಿ, ನಿಂತು. ಎರಡೂ ಹಾಳಿ. ಅವ್ರು ಪುಟ ತಿದ್ದಿದ್ರೂ ಓದ್ರಿ" ಎಂದಳು.

ಒಪ್ಪಿಕೊಂಡು ಬಂದಿದ್ದೇನೆ. ಆದ್ದರಿಂದ ಮೇಲೆ ಕೊಟ್ಟ ಗಡುವನ್ನು ಹಿಂದೆಗೆದುಕೊಂಡಿದ್ದೇನೆ. ನೀವು ತಿದ್ದುವುದೂ ಬಿಡುವುದೂ ನಿಮಗೆ ಸೇರಿದ್ದು. ಕಪಿಲ ವೇದಿಕೆ ಹತ್ತುವುದಿಲ್ಲ. ಮೊದಲ ಸಾಲಿನಲ್ಲಿ ತಾಯಿಯ ಪಕ್ಕ ಕೂರುತ್ತಾನೆ. ನಮ್ಮಿಬ್ಬರ ಕುರ್ಚಿಗಳು ಅವರ ಎದುರಿಗೆ ಬರುತ್ತವೆ.